ರಾಜೂರಿನ ಗೋಧಿಗೆ ಕಾಡುಹುಲ್ಲಿನ ಕಾವಲು

ದೀಪಾವಳಿಯ ಹೊತ್ತಿಗೆ ರಾಜೂರ, ಗಜೇಂದ್ರಗಡ, ರೋಣದ ಸುತ್ತಿನ ಎರಿ ಹೊಲಗಳಲ್ಲಿ ಕೂರಿಗೆಗೆ ಬಿಡುವಿರುವುದಿಲ್ಲ. ಬಿಳಿಜೋಳ, ಕಡ್ಲಿ, ಕುಸುಬಿ, ಅವುಗಳ ಜೊತೆಗೆ ಗೋಧಿ. ರೈತ ಸಂಪರ್ಕ ಕೇಂದ್ರದ ಮುಂದೆ, ಬೀಜ-ಗೊಬ್ಬರದ ಅಂಗಡಿಗಳ ಮುಂದೆ ಪಾಳಿ. ಪಾಳಿ ಹಚ್ಚಿದವರು ಕೇಳುವುದು ಮೂರೇ ಮಾತು: ಎಕರೆಗೆ ಎಷ್ಟು ಚೀಲ, ನೀರು ಎಷ್ಟು ಬೇಕು, ಪ್ಯಾಟ್ಯಾಗ ರೇಟು ಏನು. “ಹೋದ ವರ್ಷ ಚಲೋ ಬಂದಿತ್ತಲ್ರೀ, ಅದನ್ನ ಕೊಡ್ರಿ” ಅನ್ನುವಲ್ಲಿಗೆ ವ್ಯವಹಾರ ಮುಗಿಯುತ್ತದೆ. ನಾಲ್ಕನೆಯ ಪ್ರಶ್ನೆ ಯಾರ ಬಾಯಲ್ಲೂ ಬರುವುದಿಲ್ಲ. ಈ ಗೋಧಿ ತುಕ್ಕು ರೋಗವನ್ನು ತಡೆಯುತ್ತದೆಯೇ? ತಡೆಯುವ ಗುಣ ಇದಕ್ಕೆ ಎಲ್ಲಿಂದ ಬಂತು? ಆ ಗುಣ ಇನ್ನೆಷ್ಟು ಹಂಗಾಮು ಉಳಿದೀತು?

ಈ ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿ ಬೆಳೆಯಬೇಕು ಎಂಬುದೇ ಈ ವಾರದ ಒತ್ತಾಯ. ಉತ್ತರ ಹುಡುಕುತ್ತ ಹೋದರೆ ಪಶ್ಚಿಮ ಏಷ್ಯಾದ ಕಲ್ಲುಗುಡ್ಡಗಳ ಹುಲ್ಲು ಎದುರಾಗುತ್ತದೆ, ನೀಲಗಿರಿಯ ಒಂದು ಸಂಶೋಧನಾ ಕೇಂದ್ರ ಎದುರಾಗುತ್ತದೆ, ಧಾರವಾಡದ ಪ್ರಯೋಗದ ಮಡಿಗಳು ಎದುರಾಗುತ್ತವೆ. ಕೊನೆಗೆ ನಮ್ಮ ಅಜ್ಜಿಯರು ಒಳಕಲ್ಲಿನಲ್ಲಿ ಕುಟ್ಟುತ್ತಿದ್ದ ಸದಕ ಗೋಧಿಯೂ ಎದುರಾಗುತ್ತದೆ.

ಮೊದಲು ರೋಗವನ್ನು ನೋಡೋಣ. ಜನವರಿಯ ಬೆಳಿಗ್ಗೆ, ಇಬ್ಬನಿ ಆರುವ ಮುಂಚೆ ಗೋಧಿ ಹೊಲಕ್ಕೆ ಇಳಿಯಿರಿ. ಎಲೆಯ ಮೇಲೆ ಸಾಸಿವೆ ಕಾಳಿಗಿಂತ ಸಣ್ಣ, ಇಟ್ಟಂಗಿ ಬಣ್ಣದ ಗುಳ್ಳೆಗಳು ಅಲ್ಲಲ್ಲಿ ಚೆಲ್ಲಿದ್ದರೆ ಅದು ಎಲೆ ತುಕ್ಕು. ಹೆಬ್ಬೆರಳಿನಿಂದ ಒರೆಸಿದರೆ ದೇವರ ಭಂಡಾರ ಹತ್ತಿದ ಹಾಗೆ ಬೆರಳಿಗೆ ಪುಡಿ ಹತ್ತುತ್ತದೆ, ಬಣ್ಣ ಮಾತ್ರ ಕಂದು. ಆ ಪುಡಿಯ ಒಂದೊಂದು ಕಣವೂ ಶಿಲೀಂಧ್ರದ ಬೀಜಾಣು. ಒಂದು ಗುಳ್ಳೆಯಿಂದ ಸಾವಿರಾರು ಹೊರಬೀಳುತ್ತವೆ. ಕಾಂಡ ತುಕ್ಕಾದರೆ ಗುಳ್ಳೆ ಉದ್ದಕ್ಕಿರುತ್ತದೆ, ದಂಟಿನ ಸಿಪ್ಪೆಯನ್ನು ಸೀಳಿಕೊಂಡು ಬರುತ್ತದೆ, ಬೆಳೆ ಮಾಗುವಾಗ ಕಪ್ಪಾಗುತ್ತದೆ. ದಂಟು ಮುರಿಯುತ್ತದೆ, ಕಾಳು ಜೊಳ್ಳಾಗುತ್ತದೆ. ಹಳದಿ ತುಕ್ಕು ಮೂರನೆಯದು. ಅದಕ್ಕೆ ಚಳಿ ಬೇಕು. ಪಂಜಾಬ, ಹಿಮಾಲಯದ ತಪ್ಪಲು ಅದರ ಸೀಮೆ. ನಮ್ಮ ಬಯಲಿಗೆ ಅದರ ಕಾಟವಿಲ್ಲ.

ಬೀಜಾಣು ಮೊಳೆಯಲು ಎಲೆಯ ಮೇಲೆ ಕೆಲವು ತಾಸು ನೀರಿನ ಪಸೆ ಇರಬೇಕು. ಎರಿ ಭೂಮಿಯ ಗೋಧಿ ಹಿಂಗಾರಿಯಲ್ಲಿ ಬದುಕುವುದು ಮಣ್ಣು ಹಿಡಿದಿಟ್ಟ ತೇವ ಮತ್ತು ರಾತ್ರಿಯ ಇಬ್ಬನಿಯ ಮೇಲೆ. ಬೆಳೆಯನ್ನು ಕಾಯುವ ಅದೇ ಇಬ್ಬನಿ ರೋಗವನ್ನೂ ಸಾಕುತ್ತದೆ. ಹವೆ ಒದಗಿದರೆ ಹತ್ತು ದಿನದೊಳಗೆ ಹೊಸ ಗುಳ್ಳೆ, ಅದರಿಂದ ಮತ್ತೆ ಹತ್ತು ದಿನಕ್ಕೆ ಪಕ್ಕದ ಹೊಲ. ಔಷಧಿ ಇಲ್ಲವೆಂದಲ್ಲ. ಪ್ರೊಪಿಕೊನಜೋಲನ್ನು ಲೀಟರಿಗೆ ಒಂದು ಮಿಲಿಯಂತೆ ಕಲಸಿ ಸಿಂಪಡಿಸಿದರೆ ತುಕ್ಕು ಹತೋಟಿಗೆ ಬರುತ್ತದೆ. ಆದರೆ ನರಗುಂದ, ರೋಣದ ಕಡೆ ಮಲಪ್ರಭೆಯ ಕಾಲುವೆ ಕಂಡ ಹೊಲಕ್ಕೆ ಈ ಖರ್ಚು ಹೊಂದೀತು. ಮಳೆಯನ್ನೇ ನಂಬಿದ ರಾಜೂರಿನ ಒಣಬೇಸಾಯದ ಹೊಲದಲ್ಲಿ ಔಷಧಿ, ಪಂಪು, ಆಳು, ಸಿಂಪರಣೆಗೆ ಹೊತ್ತು ತರುವ ನೀರು, ಇವೆಲ್ಲ ಸೇರಿ ಲಾಭವನ್ನೇ ನುಂಗುತ್ತವೆ. ಬಡವನಿಗೆ ರೋಗ ತಡೆಯುವ ಬೀಜವೇ ಔಷಧಿ. ಅದು ಚೀಲದೊಳಗೇ ಬರುತ್ತದೆ, ಬೇರೆ ದುಡ್ಡು ಕೇಳುವುದಿಲ್ಲ.

ಇಷ್ಟಕ್ಕೂ ಈ ರೋಗ ನಮ್ಮಲ್ಲಿಗೆ ಬರುವುದು ಎಲ್ಲಿಂದ? ಬೇಸಿಗೆಯಲ್ಲಿ ಗದಗ ಜಿಲ್ಲೆಯ ಬಿಸಿಲಿಗೆ ಯಾವ ಬೀಜಾಣುವೂ ಉಳಿಯುವುದಿಲ್ಲ. ಆಗ್ರಾ ಕಾಲೇಜಿನಲ್ಲಿದ್ದ ಸಸ್ಯವಿಜ್ಞಾನಿ ಕರಮ್ ಚಂದ್ ಮೆಹ್ತಾ ಈ ಒಗಟಿನ ಬೆನ್ನು ಹತ್ತಿದರು. ಯುರೋಪ್, ಅಮೆರಿಕಗಳಲ್ಲಿ ಬಾರ್ಬೆರಿ ಎಂಬ ಪೊದೆ ಕಾಂಡ ತುಕ್ಕನ್ನು ಮುಂದಿನ ಹಂಗಾಮಿಗೆ ದಾಟಿಸುತ್ತಿತ್ತು. ಭಾರತದಲ್ಲಿ ಹಾಗಲ್ಲ, ಇಲ್ಲಿ ರೋಗ ಬೇಸಿಗೆ ಕಳೆಯುವುದು ತಣ್ಣಗಿನ ಬೆಟ್ಟಗಳ ಗೋಧಿಯ ಮೇಲೆ, ಉತ್ತರದಲ್ಲಿ ಹಿಮಾಲಯ, ದಕ್ಷಿಣದಲ್ಲಿ ನೀಲಗಿರಿ ಮತ್ತು ಪಳನಿ ಬೆಟ್ಟ ಎಂದು ಮೆಹ್ತಾ ತೋರಿಸಿದರು. 1940ರಲ್ಲಿ ಬಂದ ಅವರ ಗ್ರಂಥ ಇವತ್ತಿಗೂ ಈ ವಿಷಯದ ತಳಪಾಯ. ಶಿಮ್ಲಾದ ಫ್ಲವರ್‌ಡೇಲ್‌ನಲ್ಲಿ ಅವರು ಹಾಕಿದ ಪ್ರಯೋಗಾಲಯ ಈಗಲೂ ದೇಶದ ಮೂಲೆಮೂಲೆಯಿಂದ ಬಂದ ತುಕ್ಕಿನ ಮಾದರಿಗಳನ್ನು ಪರೀಕ್ಷಿಸುತ್ತದೆ. 1970ರ ದಶಕದಲ್ಲಿ ಎಸ್. ನಾಗರಾಜನ್ ಮತ್ತು ಸಂಗಡಿಗರು ಉಪಗ್ರಹದ ಮೋಡದ ಚಿತ್ರಗಳನ್ನು ಮುಂದಿಟ್ಟುಕೊಂಡು ದಾರಿಯನ್ನೇ ಗುರುತಿಸಿದರು. ನವೆಂಬರಿನ ಆಸುಪಾಸು ಬಂಗಾಳಕೊಲ್ಲಿಯಲ್ಲಿ ಏಳುವ ಚಂಡಮಾರುತಗಳು ನೀಲಗಿರಿಯ ಬೀಜಾಣುಗಳನ್ನು ಎತ್ತಿಕೊಂಡು ಹೋಗಿ, ಮಧ್ಯಭಾರತದ ಹೊಲಗಳ ಮೇಲೆ ಮಳೆಯ ಜೊತೆಗೆ ಇಳಿಸುತ್ತವೆ.

ನೀಲಗಿರಿಗೂ ಮಧ್ಯಭಾರತಕ್ಕೂ ನಡುವೆ ಇರುವುದು ಯಾವ ಸೀಮೆ? ನಮ್ಮದೇ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆಯಲ್ಲ, ಆ ಗಾಳಿ ಬರಿಗೈಯಲ್ಲಿ ಬರುವುದಿಲ್ಲ. ನಮ್ಮ ಹೊಲದಲ್ಲಿ ತುಕ್ಕು ತಡೆದರೆ ಅದು ಬಡಗಣಕ್ಕೆ ಹೋಗುವ ದಾರಿಯಲ್ಲಿ ಒಂದು ತಡೆ ಬಿದ್ದಂತೆ. 1946-47ರಲ್ಲಿ ಮಧ್ಯಭಾರತದಲ್ಲಿ ಕಾಂಡ ತುಕ್ಕು ಸುಮಾರು 20 ಲಕ್ಷ ಟನ್ ಗೋಧಿಯನ್ನು ತಿಂದಿತೆಂದು ಅಂದಾಜಿದೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿದ್ದ ದೇಶ ಆಗ ರೇಷನ್ನಿನ ಅಕ್ಕಿ-ಗೋಧಿಗೆ ಪಾಳಿ ಹಚ್ಚಿ ನಿಂತಿತ್ತು.

ಗಿಡ ರೋಗವನ್ನು ತಡೆಯುವುದು ಹೇಗೆ? ತುಕ್ಕಿನ ಶಿಲೀಂಧ್ರ ಜೀವಂತ ಎಲೆಯನ್ನೇ ಉಂಡು ಬದುಕಬೇಕು, ಸತ್ತದ್ದನ್ನು ಅದು ಮುಟ್ಟುವುದಿಲ್ಲ. ಎಲೆಯ ಜೀವಕೋಶದೊಳಗೆ ಅದು ತನ್ನ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಅವುಗಳಲ್ಲಿ ಒಂದನ್ನು ಗುರುತು ಹಿಡಿಯುವ ವಂಶವಾಹಿ ಗೋಧಿಯಲ್ಲಿದ್ದರೆ, ಆ ಜೀವಕೋಶ ತಾನೇ ಸತ್ತು ಶಿಲೀಂಧ್ರವನ್ನು ಉಪವಾಸ ಕೆಡವುತ್ತದೆ. ಎಲೆಯ ಮೇಲೆ ಚಿಕ್ಕದೊಂದು ಬಿಳಿ ಚುಕ್ಕೆ ಉಳಿಯುತ್ತದೆ, ಅಷ್ಟೇ. ಆದರೆ ಶಿಲೀಂಧ್ರದ ಆ ಪ್ರೋಟೀನು ಸ್ವಲ್ಪ ಬದಲಾದರೂ ಗೋಧಿಗೆ ಗುರುತು ಸಿಗುವುದಿಲ್ಲ. ಕೋಟಿಕೋಟಿ ಬೀಜಾಣು ಹುಟ್ಟುವಲ್ಲಿ ಇಂಥ ಬದಲಾವಣೆ ಇವತ್ತಲ್ಲ ನಾಳೆ ಆಗಿಯೇ ತೀರುತ್ತದೆ. ಹೀಗಾಗಿ ತಳಿ ವಿಜ್ಞಾನಿಗೆ ಹೊಸ ಹೊಸ ವಂಶವಾಹಿಗಳು ಬೇಕೇ ಬೇಕು.

ಅವು ಊರ ಗೋಧಿಯಲ್ಲಿ ಕಡಿಮೆ. ಕಾರಣ ಅದರ ಹುಟ್ಟಿನಲ್ಲೇ ಇದೆ. ಚಪಾತಿ ಗೋಧಿ ಎಂಟು-ಹತ್ತು ಸಾವಿರ ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಸಮುದ್ರದ ಸೀಮೆಯಲ್ಲಿ, ಸದಕದ ಜಾತಿಯ ಗೋಧಿಗೂ ಒಂದು ಕಾಡುಹುಲ್ಲಿಗೂ ಆಕಸ್ಮಿಕವಾಗಿ ಆದ ಕೂಡಿಕೆಯಿಂದ ಹುಟ್ಟಿದ್ದು. ಆ ಹುಲ್ಲು ಈಜಿಲಾಪ್ಸ್ ಟೌಶಿಯೈ ಎಂಬುದನ್ನು 1944ರಲ್ಲಿ ಅಮೆರಿಕದ ಮೆಕ್‌ಫ್ಯಾಡನ್ ಮತ್ತು ಸಿಯರ್ಸ್, ಅದೇ ಹೊತ್ತಿಗೆ ಜಪಾನಿನ ಹಿತೋಶಿ ಕಿಹಾರಾ ಬೇರೆಬೇರೆಯಾಗಿ ಕಂಡುಹಿಡಿದರು. ಕೆಲವೇ ಗಿಡಗಳ ಸಂತಾನ ಜಗತ್ತಿಗೆಲ್ಲ ಹಬ್ಬಿತು. ಕಾಡಿನಲ್ಲಿ ಉಳಿದ ಬಂಧುಗಳಿಗೆ ಮಾತ್ರ ತುಕ್ಕಿನ ಜೊತೆ ಸಾವಿರಾರು ವರ್ಷಗಳ ಗುದ್ದಾಟದ ಅನುಭವವಿದೆ. ರೋಗ ತಡೆಯುವ ಗುಣದ ಕಣಜ ಅಲ್ಲಿದೆ.

ಕಣಜದ ಬಾಗಿಲು ತೆರೆಯುವುದು ಸುಲಭವಲ್ಲ. 1956ರಲ್ಲಿ ಅದೇ ಅರ್ನೆಸ್ಟ್ ಸಿಯರ್ಸ್ ಮಿಸೌರಿಯಲ್ಲಿ ಮಾಡಿದ ಕೆಲಸ ಈ ವಿದ್ಯೆಯ ಮೊದಲ ದೊಡ್ಡ ಹೆಜ್ಜೆ. ಈಜಿಲಾಪ್ಸ್ ಅಂಬೆಲ್ಯುಲೇಟಾ ಎಂಬ ಮೋಟು ಹುಲ್ಲಿನಲ್ಲಿ ಎಲೆ ತುಕ್ಕು ತಡೆಯುವ ಗುಣವಿತ್ತು, ಆದರೆ ಅದು ಚಪಾತಿ ಗೋಧಿಯ ಜೊತೆ ನೇರವಾಗಿ ಕೂಡುತ್ತಿರಲಿಲ್ಲ. ಸಿಯರ್ಸ್ ಕಾಡು ಸದಕವನ್ನು ನಡುವೆ ಸೇತುವೆಯಾಗಿ ಬಳಸಿದರು. ಹುಲ್ಲಿನ ವರ್ಣತಂತು ಹೊತ್ತ ಗಿಡದ ಮೇಲೆ ಎಕ್ಸ್-ರೇ ಹಾಯಿಸಿ, ಅದರ ಪರಾಗವನ್ನು ಗೋಧಿಗೆ ಕೊಟ್ಟು, ಹುಟ್ಟಿದ ಸಾವಿರಾರು ಸಸಿಗಳಲ್ಲಿ ರೋಗ ತಡೆಯುವ ಚೂರು ಮಾತ್ರ ಗೋಧಿಯ ವರ್ಣತಂತಿಗೆ ಹತ್ತಿಕೊಂಡಿದ್ದ ಗಿಡವನ್ನು ಆರಿಸಿದರು. ಆ ವಂಶವಾಹಿಗೆ ಎಲ್‌ಆರ್ 9 ಎಂದು ಹೆಸರು.

ಸಂಕರಣದ ಕೆಲಸವನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಒಮ್ಮೆ ಹತ್ತಿರದಿಂದ ನೋಡಬೇಕು. ತೆನೆ ಆಗಷ್ಟೇ ಹೊರಬರುತ್ತಿರುತ್ತದೆ. ಕುಳಿತವರು ಕತ್ತರಿಯಿಂದ ಮೀಸೆ ಕತ್ತರಿಸುತ್ತಾರೆ, ಒಂದೊಂದು ಹೂವಿನ ನೆತ್ತಿ ಸವರುತ್ತಾರೆ, ಸಣ್ಣ ಚಿಮಟ ಇಳಿಸಿ ಒಳಗಿನ ಮೂರು ಪರಾಗಕೋಶಗಳನ್ನು ಎತ್ತಿ ತೆಗೆಯುತ್ತಾರೆ. ಅವು ಇನ್ನೂ ಹಸಿರಾಗಿರಬೇಕು, ಹಳದಿಗೆ ತಿರುಗಿದ್ದರೆ ಹೊತ್ತು ಮೀರಿತು. ಮೂರರಲ್ಲಿ ಒಂದು ಉಳಿದರೂ ಆ ಹೂವು ತನ್ನಷ್ಟಕ್ಕೆ ತಾನೇ ಕಾಳು ಕಟ್ಟಿಬಿಡುತ್ತದೆ. ಆಮೇಲೆ ತೆನೆಗೆ ಕಾಗದದ ಚೀಲ ಹಾಕಿ, ತಾರೀಖು ಬರೆದು, ಎರಡು-ಮೂರು ದಿನಕ್ಕೆ ಹೆಣ್ಣುಭಾಗ ಗರಿ ಬಿಚ್ಚಿದಾಗ ಬೇರೆ ಗಿಡದ ಪರಾಗ ಉದುರಿಸುತ್ತಾರೆ. ಬಿಸಿಲು ಏರುವ ಮುಂಚೆ, ಬೆನ್ನು ಬಾಗಿಸಿ, ಉಸಿರು ಹಿಡಿದು ಮಾಡುವ ಕೆಲಸ. ಇದನ್ನು ಮಾಡುವ ಬಹಳ ಕೈಗಳು ದಿನಗೂಲಿಯ ಹೆಣ್ಣುಮಕ್ಕಳವು. ತಳಿ ಬಿಡುಗಡೆಯ ಫೋಟೋದಲ್ಲಿ ಅವರಿಗೂ ಜಾಗ ಸಿಗಬೇಕು.

ಎರಡು ಗೋಧಿಗಳ ನಡುವೆ ಇಷ್ಟು ಸಾಕು. ಕಾಡುಹುಲ್ಲಾದರೆ ಕಾಳು ಸುಕ್ಕಾಗಿ ಸಾಯುತ್ತದೆ. ಅದಕ್ಕೇ ಎರಡು ವಾರದ ಹಸಿ ಕಾಳಿನಿಂದ ಭ್ರೂಣವನ್ನು ತೆಗೆದು ಗಾಜಿನ ನಳಿಗೆಯಲ್ಲಿ ಬೆಳೆಸುತ್ತಾರೆ. ಬಂದ ಸಸಿ ಬರಡು. ನಮ್ಮ ಬೇಲಿಯ ಅಗ್ನಿಶಿಖೆಯಲ್ಲೂ ಇರುವ ಕಾಲ್ಚಿಸಿನ್ ಎಂಬ ವಿಷವನ್ನು ಕೊಟ್ಟು ಅದರ ವರ್ಣತಂತುಗಳನ್ನು ಇಮ್ಮಡಿ ಮಾಡಿದರೆ ಕಾಳು ಕಟ್ಟುತ್ತದೆ. ಅಷ್ಟಾದರೂ ಅರ್ಧ ಹುಲ್ಲು, ಅರ್ಧ ಗೋಧಿ. ತೆನೆ ಉದುರುತ್ತದೆ, ಕಾಳು ಸಣ್ಣದು, ಹೊಟ್ಟು ಬಿಡುವುದಿಲ್ಲ. ಒಳ್ಳೆಯ ಗೋಧಿಯ ಜೊತೆ ಐದಾರು ತಲೆಮಾರು ಮತ್ತೆ ಮತ್ತೆ ಕೂಡಿಸಿ, ರೋಗ ತಡೆಯುವ ಚೂರನ್ನು ಉಳಿಸಿ ಮಿಕ್ಕ ಹುಲ್ಲಿನ ಗುಣವನ್ನು ಕಳೆಯುತ್ತ ಬರಬೇಕು. ಹತ್ತು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಭಾರತದಲ್ಲಿ ಮೂರೂ ತುಕ್ಕುಗಳನ್ನು ತಡೆಯುವ ಮೊದಲ ತಳಿ ಎನ್.ಪಿ. 809 ರೈತರ ಕೈಗೆ ಬಂದದ್ದು 1954ರಲ್ಲಿ. ಅದು ಊರ ಗೋಧಿಗಳ ನಡುವಿನ ಸಂಕರಣವೇ ಆಗಿದ್ದರೂ ತಳಿ ವಿಜ್ಞಾನಿ ಬಿ.ಪಿ. ಪಾಲ್ ಮತ್ತು ತಂಡ ಅದಕ್ಕಾಗಿ ಸುಮಾರು ಇಪ್ಪತ್ತು ವರ್ಷ ದುಡಿದಿತ್ತು.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಇದು ಬಿ.ಟಿ. ಹತ್ತಿಯಂಥ ಕುಲಾಂತರಿ ಅಲ್ಲ. ನಮ್ಮ ಹೊಲದಲ್ಲಿರುವ ತುಕ್ಕುನಿರೋಧಕ ಗೋಧಿಗಳೆಲ್ಲ ಪರಾಗ ಹಾಕಿ, ಆರಿಸಿ, ಮತ್ತೆ ಪರಾಗ ಹಾಕಿ ಬಂದವು. ಹೆದರಿಸುವವರ ಮಾತಿಗೆ ಕಿವಿಗೊಡಬೇಡಿ.

ಕಾಡಿನ ಚೂರು ಒಂಟಿಯಾಗಿ ಬರುವುದಿಲ್ಲ ಎಂಬುದಕ್ಕೆ ಎಲ್‌ಆರ್ 19 ಒಳ್ಳೆಯ ಉದಾಹರಣೆ. 1966ರಲ್ಲಿ ಕೆನಡಾದಲ್ಲಿ ಡಿ. ಶರ್ಮಾ ಮತ್ತು ಡಿ.ಆರ್. ನಾಟ್ ಇದನ್ನು ಎತ್ತರದ ಒಂದು ಮೇವಿನ ಹುಲ್ಲಿನಿಂದ ಗೋಧಿಗೆ ತಂದರು. ಎಲೆ ತುಕ್ಕನ್ನು ಚೆನ್ನಾಗಿ ತಡೆಯಿತು. ಆದರೆ ಹಿಟ್ಟು ಹಳದಿಯಾಯಿತು, ಬಿಳಿ ಬ್ರೆಡ್ಡು ಬೇಕೆಂಬ ಸೀಮೆಯಲ್ಲಿ ಮಿಲ್ಲಿನವರು ಬೇಡವೆಂದರು. ನಾಟ್ ಮತ್ತೆ ಕುಳಿತು ಆ ಬಣ್ಣವನ್ನು ಕಳೆದ ಗಿಡಗಳನ್ನು ಬೇರ್ಪಡಿಸಬೇಕಾಯಿತು. ನಮ್ಮ ಕಡೆ ಗೋಧಿ ಹಳದಿಯಾದರೆ ಅದೇ ಒಂದು ಹೆಚ್ಚುಗಾರಿಕೆ! ಬಿಜಗ ಹಳದಿ ಗೋಧಿಯ ರವೆಯ ಸಜ್ಜಕ, ಶ್ಯಾವಿಗೆಯನ್ನು ಉಂಡವರು ಆ ಬಣ್ಣಕ್ಕೆ ಬೆಲೆ ಕಟ್ಟುತ್ತಾರೆ.

ಈಗ ಸದಕಕ್ಕೆ ಬರೋಣ. ಜವೆ ಗೋಧಿ ಎಂದೂ, ಗಡಿಯ ಆಚೆ ಸಾಂಗಲಿ-ಕೊಲ್ಹಾಪುರದಲ್ಲಿ ಕಪ್ಲಿ ಎಂದೂ ಕರೆಯುವ ಇದು ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗದ ಹಳೆಯ ಆಸ್ತಿ. ಚಪಾತಿ ಗೋಧಿ, ರವೆಯ ಗೋಧಿ, ಸದಕ, ಮೂರನ್ನೂ ಒಟ್ಟಿಗೆ ಬೆಳೆಯುವ ಸೀಮೆ ಲೋಕದಲ್ಲೇ ಅಪರೂಪ, ಅಂಥ ಸೀಮೆ ನಮ್ಮದು. ಮಾದಲಿ, ಹುಗ್ಗಿ, ಹೋಳಿಗೆಯ ಮಾತು ಬಂದಾಗ ಇದನ್ನು ನೆನೆಯುತ್ತೇವೆ. ಈಚೆಗೆ ಸಕ್ಕರೆ ಕಾಯಿಲೆಯವರೂ ಕೇಳಿ ಒಯ್ಯುತ್ತಿದ್ದಾರೆ. ಆದರೆ ಈ ಜಾತಿಯ ಗೋಧಿ ಜಗತ್ತಿನ ರೋಗನಿರೋಧಕ ತಳಿಗಳಿಗೆ ಕೊಟ್ಟ ಕೊಡುಗೆಯನ್ನು ನಮ್ಮೂರ ಶಾಲೆಗಳಲ್ಲೂ ಹೇಳಿಕೊಡುವುದಿಲ್ಲ.

ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಎಡ್ಗರ್ ಮೆಕ್‌ಫ್ಯಾಡನ್ 1916ರ ಸುಮಾರಿಗೆ ಯಾರೊಸ್ಲಾವ್ ಎಂಬ ಸದಕವನ್ನು ಚಪಾತಿ ಗೋಧಿಗೆ ಕೂಡಿಸಿದರು. ಅದರಿಂದ ಹೋಪ್ ಎಂಬ ತಳಿ ಬಂತು, ಅದರಲ್ಲಿ ಕಾಂಡ ತುಕ್ಕು ತಡೆಯುವ ಎಸ್‌ಆರ್ 2 ಎಂಬ ವಂಶವಾಹಿ ಇತ್ತು. ಮುಂದೆ ತಳಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಅವರ ಮೆಕ್ಸಿಕೋ ಗೋಧಿಗಳಿಗೂ ಅದು ಹರಿದು ಬಂತು. ನೂರು ವರ್ಷವಾದರೂ ಅದು ಪೂರ್ತಿ ಸೋತಿಲ್ಲ. ಇನ್ನು ಮಿನ್ನೆಸೋಟಾದಲ್ಲಿ ಬೋರ್ಲಾಗರ ಗುರು ಇ.ಸಿ. ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ಕಾಂಡ ತುಕ್ಕಿನ ಬಗೆಗಳನ್ನು ಗುರುತಿಸಲು ಹನ್ನೆರಡು ಗೋಧಿಗಳ ಒಂದು ಗುಂಪು ಕಟ್ಟಿದರು. ಲೋಕದ ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅದೇ ಅಳತೆಗೋಲು. ಆ ಹನ್ನೆರಡರಲ್ಲಿ ಒಂದರ ಹೆಸರು ಕಪ್ಲಿ. ಭಾರತದಿಂದ ಹೋದ ಸದಕ! ಆಗ ಗೊತ್ತಿದ್ದ ತುಕ್ಕಿನ ಬಹುತೇಕ ಬಗೆಗಳನ್ನು ಅದು ತಡೆಯುತ್ತಿತ್ತು. ಅದರಿಂದ ಎಸ್‌ಆರ್ 13, ಎಸ್‌ಆರ್ 14 ಎಂಬ ಕಾಂಡ ತುಕ್ಕಿನ ವಂಶವಾಹಿಗಳನ್ನು, ಬೂದಿ ರೋಗ ತಡೆಯುವ ಪಿಎಂ 4ಎ ಎಂಬುದನ್ನು ತೆಗೆದು ಬೇರೆ ಗೋಧಿಗಳಿಗೆ ಸೇರಿಸಿದ್ದಾರೆ. ಬರೀ ಹುಗ್ಗಿಯ ಗೋಧಿ ಎಂದುಕೊಂಡ ಸದಕ ಹೀಗೆ ಕಂಡ ಕಂಡ ಖಂಡಗಳ ಬೆಳೆಯನ್ನು ಕಾದಿದೆ.

ಇಷ್ಟೆಲ್ಲ ಹೇಳಿದ ಮೇಲೆ ಸೋಲಿನ ಕತೆಯನ್ನೂ ಹೇಳಬೇಕು, ಅದು ನಮ್ಮ ರಾಜ್ಯದ್ದೇ. 2003-04ರಲ್ಲಿ ಫ್ಲವರ್‌ಡೇಲ್‌ನ ಎಸ್.ಸಿ. ಭಾರದ್ವಾಜ್ ಮತ್ತು ತಂಡ ದೇಶದ 14 ರಾಜ್ಯಗಳ 622 ಎಲೆ ತುಕ್ಕಿನ ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಕರ್ನಾಟಕ ಮತ್ತು ಗುಜರಾತಿನಿಂದ ಬಂದ ಕೆಲವು, ಸುಮಾರು ಶೇ 2ರಷ್ಟು, ಎಲ್‌ಆರ್ 19 ಇದ್ದ ಗೋಧಿಯನ್ನೂ ಹೊಕ್ಕವು. ಕೆನಡಾದಲ್ಲಿ ಅಷ್ಟು ಕಷ್ಟಪಟ್ಟು ತಂದ ಹುಲ್ಲಿನ ವಂಶವಾಹಿ ನಮ್ಮ ಬಯಲಲ್ಲಿ ಮಣಿದಿತ್ತು. ಅದೇ ಚೂರಿನಲ್ಲಿ ಅಂಟಿಕೊಂಡು ಬಂದಿದ್ದ ಕಾಂಡ ತುಕ್ಕಿನ ವಂಶವಾಹಿ ಎಸ್‌ಆರ್ 25 ಭಾರತದಲ್ಲಿ ಮುರಿದ ವರದಿ 2009ರಲ್ಲಿ ಬಂತು. ಅದಕ್ಕೂ ಮುಂಚೆ, 1990ರಲ್ಲಿ, ಎಸ್‌ಆರ್ 24 ಎಂಬುದನ್ನು ಮುರಿಯುವ ಕಾಂಡ ತುಕ್ಕು ನೀಲಗಿರಿಯಲ್ಲಿ ಸಿಕ್ಕ ವರದಿಯಾಗಿತ್ತು. ಅದರ ಜೊತೆಗೆ ಅದೇ ಮೇವಿನ ಹುಲ್ಲಿನಿಂದ ಬಂದ ಎಲೆ ತುಕ್ಕಿನ ಎಲ್‌ಆರ್ 24 ಮಾತ್ರ ದಶಕಗಳ ಕಾಲ ಹಿಡಿದು ನಿಂತಿತು. ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೇಂದ್ರ, ಚಪಾತಿಗೆ ಹೆಸರಾದ ಸಿ 306 ಗೋಧಿಗೆ ಈ ಎಲ್‌ಆರ್ 24 ಅನ್ನು ಸೇರಿಸಿ ಎಚ್.ಡಬ್ಲ್ಯು. 2004 ಎಂಬ ತಳಿ ತಂದಿತು. ರೋಗ ಹುಟ್ಟುವ ಬೆಟ್ಟದ ಮೇಲೇ ಕುಳಿತು ರೋಗಕ್ಕೆ ಎದುರಾಳಿ ಕಟ್ಟುವ ಜಾಗ ಅದು. ಎಂ. ಶಿವಸಾಮಿ ಅವರಂಥ ವಿಜ್ಞಾನಿಗಳು ಅಲ್ಲಿ ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ.

ಒಂದೇ ವಂಶವಾಹಿಯ ಮೇಲೆ ದೇಶವೇ ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಹೊರಗಿನ ಒಂದು ಪಾಠ ಸಾಕು. ರೈ ಎಂಬ ಧಾನ್ಯದಿಂದ ಬಂದ ಎಸ್‌ಆರ್ 31 ಜಗತ್ತಿನ ಬಹಳಷ್ಟು ಗೋಧಿಯಲ್ಲಿ ಇತ್ತು, ಉತ್ತರ ಭಾರತದ ಬಯಲನ್ನೆಲ್ಲ ಆವರಿಸಿದ್ದ ಪಿ.ಬಿ.ಡಬ್ಲ್ಯು. 343ರಲ್ಲೂ ಇತ್ತು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮುರಿಯುವ ಕಾಂಡ ತುಕ್ಕು ಕಾಣಿಸಿತು. ಯುಜಿ 99 ಎಂದು ಹೆಸರಾದ ಅದು ಕೀನ್ಯಾ, ಇಥಿಯೋಪಿಯಾ, ಯೆಮೆನ್ ದಾಟಿ ಇರಾನಿಗೆ ಬಂತು. 2005ರಲ್ಲಿ, ತೊಂಬತ್ತೊಂದರ ವಯಸ್ಸಿನಲ್ಲಿ, ಬೋರ್ಲಾಗ್ ಮತ್ತೆ ಎದ್ದು ನಿಂತು ಲೋಕವನ್ನು ಎಚ್ಚರಿಸಬೇಕಾಯಿತು. ಭಾರತದಲ್ಲಿ ಯುಜಿ 99 ಕಂಡ ವರದಿ ಇಲ್ಲ. 2016ರಲ್ಲಿ ಬಾಂಗ್ಲಾದೇಶಕ್ಕೆ ದಕ್ಷಿಣ ಅಮೆರಿಕದಿಂದ ಗೋಧಿಯ ಬೆಂಕಿ ರೋಗ ಬಂದಿಳಿದು ಸುಮಾರು 15,000 ಹೆಕ್ಟೇರ್ ಹಾಳಾಯಿತು. ಅಲ್ಲಿಯೂ ಕೈ ಹಿಡಿದದ್ದು ಈಜಿಲಾಪ್ಸ್ ವೆಂಟ್ರಿಕೋಸಾ ಎಂಬ ಇನ್ನೊಂದು ಕಾಡುಹುಲ್ಲಿನ ಚೂರು. ಅದಿದ್ದ ಬಾರಿ ಗೋಮ್ 33 ತಳಿಯನ್ನು ಮರುವರ್ಷವೇ ರೈತರಿಗೆ ಕೊಟ್ಟರು. ಚೂರು ಮೊದಲೇ ಗೋಧಿಯೊಳಗೆ ಬಂದು ಕುಳಿತಿದ್ದರಿಂದ ಮಾತ್ರ ಅಷ್ಟು ಬೇಗ ಸಾಧ್ಯವಾಯಿತು.

ಹಾಗಾದರೆ ದಾರಿ? ವಿಜ್ಞಾನಿಗಳು ಒಂದೇ ತಳಿಯಲ್ಲಿ ಮೂರು-ನಾಲ್ಕು ವಂಶವಾಹಿಗಳನ್ನು ಒಟ್ಟಿಗೆ ಕೂಡಿಸುತ್ತಿದ್ದಾರೆ. ಒಂದನ್ನು ದಾಟಿದ ಶಿಲೀಂಧ್ರ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಎಸ್‌ಆರ್ 2, ಎಲ್‌ಆರ್ 34ರಂಥವು ರೋಗವನ್ನು ಪೂರ್ತಿ ನಿಲ್ಲಿಸದೆ ನಿಧಾನ ಮಾಡುತ್ತವೆ, ಬೇಗ ಮುರಿಯುವುದೂ ಇಲ್ಲ. ಒಣಬೇಸಾಯಕ್ಕೆ ಈ ನಿಧಾನದ ಬಗೆಯೇ ಹೆಚ್ಚು ನಂಬಿಕೆಯದು ಎಂಬುದು ನನ್ನ ಎಣಿಕೆ. ಎಲೆಯ ಮೇಲೆ ನಾಲ್ಕು ಗುಳ್ಳೆ ಕಂಡರೂ ಕಾಳು ತುಂಬಿದರೆ ರೈತನಿಗೆ ಆಯಿತು. ಧಾರವಾಡವೂ ಸುಮ್ಮನೆ ಕುಳಿತಿಲ್ಲ. ಡಿ.ಡಬ್ಲ್ಯು.ಆರ್. 162, ಯು.ಎ.ಎಸ್. 304, ಒಣಬೇಸಾಯಕ್ಕೆ ಯು.ಎ.ಎಸ್. 446 ಅಲ್ಲಿಂದ ಬಂದವು. ಉದ್ದ ಬೆಳೆದು ತೆನೆಭಾರಕ್ಕೆ ಮಲಗಿಬಿಡುತ್ತಿದ್ದ ಸದಕವನ್ನು ಗಿಡ್ಡ ಮಾಡಿದ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಕೂಡ ಅಲ್ಲಿಯವೇ. ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾದ ಆರ್.ಆರ್. ಹಂಚಿನಾಳ ಅವರ ಹೆಸರು ಈ ಕೆಲಸದೊಂದಿಗೆ ಕೂಡಿಕೊಂಡಿದೆ.

ವಿಜ್ಞಾನಿಗಳ ಪಾಲಿನದು ಅವರು ಮಾಡುತ್ತಿದ್ದಾರೆ. ನಮ್ಮ ಪಾಲಿನದು ಬಾಕಿ ಇದೆ, ಸರ್ಕಾರದ ಪಾಲಿನದೂ ಬಾಕಿ ಇದೆ. ಹೊಸ ತಳಿ ಬಿಡುಗಡೆಯಾದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಬೀಜ ಮಾತ್ರ ಹೋಬಳಿಗೆ ಬರುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. ತುಕ್ಕು ನಮಗಾಗಿ ಕಾಯುವುದಿಲ್ಲ. ಗಜೇಂದ್ರಗಡ, ರೋಣ, ನರಗುಂದ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳಲ್ಲಿ ಹಿಂಗಾರಿಗೆ ಕನಿಷ್ಠ ಮೂರು ಬೇರೆಬೇರೆ ಗೋಧಿ ತಳಿಗಳ ಬೀಜ ಇರಲೇಬೇಕು. ಚೀಲದ ಮೇಲೆ ತಳಿಯ ಹೆಸರಿನ ಜೊತೆಗೆ ಯಾವ ತುಕ್ಕನ್ನು ತಡೆಯುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆಯಬೇಕು. ಒಂದೇ ತಳಿಯನ್ನು ಊರಿಗೆ ಊರೇ ಬಿತ್ತುವುದು, ಅದೇ ಬೀಜವನ್ನು ಏಳೆಂಟು ವರ್ಷ ತಿರುಗಿಸುವುದು ರೋಗಕ್ಕೆ ನಾವೇ ಕೊಡುವ ಆಹ್ವಾನ. ತಡವಾಗಿ ಬಿತ್ತುವುದೂ ಅಷ್ಟೇ.

ಸದಕದ ವಿಷಯ ಇನ್ನೂ ತುರ್ತಿನದು. ಕಾಡಿನ ಬಂಧುಗಳ ಬೀಜ ಕಾಪಾಡಲು ಲೋಕ ಪಟ್ಟ ಪಾಡು ನೋಡಿ. ಸಿರಿಯಾದ ಅಲೆಪ್ಪೋ ಬಳಿ ಇಕಾರ್ಡಾ ಸಂಸ್ಥೆಯ ಬೀಜದ ಬ್ಯಾಂಕು ಯುದ್ಧದ ನಡುವೆ ಸಿಕ್ಕಿಕೊಂಡಿತು. ವಿಜ್ಞಾನಿಗಳು ಮೊದಲೇ ನಾರ್ವೆಯ ಹಿಮದೊಳಗಿನ ಸ್ವಾಲ್ಬಾರ್ಡ್ ಕಣಜಕ್ಕೆ ನಕಲು ಬೀಜ ಕಳಿಸಿದ್ದರು, 2015ರಲ್ಲಿ ಅದನ್ನು ಹೊರತೆಗೆದು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಮತ್ತೆ ಬಿತ್ತಿದರು. ನಮ್ಮಲ್ಲಿ ಯುದ್ಧವಿಲ್ಲ. ಸದಕ ಮರೆಯಾಗುತ್ತಿದ್ದರೆ ಅದು ನಮ್ಮ ಅಸಡ್ಡೆಯಿಂದ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತರು ತಾವು ಕಾಪಾಡಿಕೊಂಡು ಬಂದ ನಾಟಿ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು, ಅದಕ್ಕೆ ಅವರಿಂದ ಶುಲ್ಕ ಕೇಳುವಂತಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಒಂದು ಸಮಿತಿ, ಒಂದು ದಾಖಲೆ ಪುಸ್ತಕ ಇರಬೇಕು. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಆ ಪುಸ್ತಕದಲ್ಲಿ ನಮ್ಮೂರ ಸದಕ ಬರೆದಿದೆಯೇ, ಯಾರ ಮನೆಯಲ್ಲಿ ಎಷ್ಟು ಬೀಜ ಉಳಿದಿದೆ ಎಂಬುದು ಬರೆದಿದೆಯೇ?

ಇನ್ನು ಹೊಲದ ಕೆಲಸ. ಜನವರಿ, ಫೆಬ್ರವರಿಯಲ್ಲಿ ವಾರಕ್ಕೊಮ್ಮೆ ಗೋಧಿಯ ಎಲೆ ತಿರುವಿ ನೋಡಿ. ತುಕ್ಕು ನಿರೋಧಕ ಎಂದು ಕೊಂಡ ತಳಿಯ ಮೇಲೇ ಕಂದು ಪುಡಿ ಕಂಡರೆ ಅದು ಹೊಸ ಬಗೆಯ ತುಕ್ಕಾಗಿರಬಹುದು, ಆ ಸುದ್ದಿ ನಿಮ್ಮೊಬ್ಬರ ಹೊಲದ್ದಲ್ಲ. ಅಂಥ ಎಲೆ ನಾಲ್ಕನ್ನು ಕಿತ್ತು ನೆರಳಿನಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲ ಬೇಡ, ಅದರಲ್ಲಿ ಕೊಳೆಯುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ಊರು, ತಳಿಯ ಹೆಸರು, ಬಿತ್ತಿದ ತಾರೀಖು ಬರೆದು, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೋಧಿ ವಿಭಾಗಕ್ಕೋ ತಪ್ಪದೆ ತಲುಪಿಸಿ.